ಬಾಣಂತಿಗೊಂದು ಖೋಲಿ

"ಅಲ್ಲೋ ಚನ್ನೇಶ, ನಿಮ್ಮ ಮನ್ಯಾಗ ಒಬ್ಬರು ಕಾಲು ಚಾಚಿದ್ರ ಇನ್ನೊಬ್ಬರು ಅಂಗಳಕ್ಕ ಬೀಳ್ತಾರ. ನನ್ನ ಸೊಸಿನ್ನ ಬಾಣಂತನಕ್ಕ ಕರಕೊಂಡು ಹೋಗಿ ಎಲ್ಲಿ ಮಲಗಸ್ತಿ? ಸಿಮೆಂಟ್ ಚೀಲದ ಮ್ಯಾಲೇನು?"

ಪಂಕ್ತಿಯಲ್ಲಿ ಉಣ್ಣಲು ಕುಳಿತಿದ್ದ ನಲವತ್ತು ಮಂದಿಯ ಮುಂದೆ ಗುತ್ತೆವ್ವ ಹೀಗೆ ಕೇಳಿದಳು. ಅವಳು ನನ್ನ ತಂಗಿ ಪೂಜಾಳ ಅತ್ತೆ. ಅಂದು ಯಲವಿಗಿಯ ಅವರ ಮನೆಯಲ್ಲಿ ಪೂಜಾಳಿಗೆ ಏಳನೆಯ ತಿಂಗಳ ಕುಬಸ. ಚೊಚ್ಚಲ ಬಸುರಿಗೆ ತವರಿನವರು ಉಡಿ ತುಂಬಬೇಕು. ನಾನೂ ಅವ್ವನೂ ಹಾನಗಲ್ಲಿನಿಂದ ಸೀರೆ, ಹಸಿರು ಬಳೆ, ಬುತ್ತಿಯ ಗಂಟು ಹೊತ್ತುಕೊಂಡು ಮೂರು ಬಸ್ ಬದಲಿಸಿ ಹೋಗಿದ್ದೆವು.

ಹೆಂಗಸರೆಲ್ಲ ನಕ್ಕರು. ಕುಬಸದ ಊಟದಲ್ಲಿ ಬೀಗರನ್ನು ಹೀಗೆ ಆಡಿಕೊಳ್ಳುವುದು ಇದ್ದದ್ದೇ. ನಮ್ಮ ಅವ್ವ ಫಕ್ಕೀರವ್ವ ಅದನ್ನು ಬಲ್ಲವಳು. "ನಿಮ್ಮ ಹೊಟ್ಟಿ ಮ್ಯಾಲ ಮಲಗಸ್ತೇವಿ ಬರ್ರಿ ಬೀಗ್ತಿ. ಅಷ್ಟು ಅಗಲ ಜಾಗಾ ಹಾನಗಲ್ ತಾಲೂಕಿನ್ಯಾಗ ಎಲ್ಲೂ ಇಲ್ಲ" ಅಂದಳು. ಎಲ್ಲರಿಗಿಂತ ಜೋರಾಗಿ ನಕ್ಕವಳು ಗುತ್ತೆವ್ವನೇ.

ನನಗೆ ನಗು ಬರಲಿಲ್ಲ. ಒಂಬತ್ತನೆಯ ಇಯತ್ತೆಗೆ ಸಾಲೆ ಬಿಟ್ಟವನು ನಾನು. ಹತ್ತು ವರ್ಷದಿಂದ ಮಂದಿಯ ಮನೆಗೆ ಟೈಲ್ಸ್ ಕೂಡಿಸುತ್ತೇನೆ. ಒಬ್ಬ ಸಾಹುಕಾರ ತನ್ನ ನಾಯಿ ಮಲಗುವ ಜಾಗಕ್ಕೂ ನನ್ನಿಂದ ಟೈಲ್ಸ್ ಹಾಕಿಸಿದ್ದ. ಅದು ನಮ್ಮ ಅಡುಗೆಮನೆಗಿಂತ ದೊಡ್ಡದಿತ್ತು. ಅದೆಲ್ಲ ಆಗಲೇ ಯಾಕೆ ನೆನಪಾಯಿತೋ. ಎದ್ದು ನಿಂತೆ. ಎಲೆಯಲ್ಲಿ ಅರ್ಧ ಹೋಳಿಗೆ ಉಳಿದಿತ್ತು.

"ಇನ್ನ ಎರಡು ತಿಂಗಳಾಗ ಮೂರು ಖೋಲಿ ಮನಿ ಮಾಡ್ತೇನಿ. ಆಮ್ಯಾಲ ಬಂದು ನನ್ನ ತಂಗಿನ್ನ ಕರಕೊಂಡು ಹೋಗ್ತೇನಿ. ಅಲ್ಲೀತನಕ ಈ ಮನ್ಯಾಗ ಒಂದು ಗುಟುಕು ನೀರು ಕುಡಿಯೂದಿಲ್ಲ."

ನಗು ನಿಂತಿತು. ಗುತ್ತೆವ್ವ ತುಪ್ಪದ ಗಿಂಡಿ ಹಿಡಿದುಕೊಂಡೇ ನನ್ನ ಮುಖ ನೋಡಿದಳು. "ಯಪ್ಪಾ, ನಗಚಾಟಿಕಿ ಮಾತಿಗೆ ಹಿಂಗ ಎಲಿ ಬಿಟ್ಟು ಏಳ್ತಾರೇನು?" ಪೂಜಾ ಹೊಸ ಬಳೆಯ ಕೈ ಎತ್ತಿ, ಕೂಡು ಅಂತ ಸನ್ನೆ ಮಾಡಿದಳು. ನಾನು ಕೂಡಲಿಲ್ಲ.

ತಿರುಗಿ ಬರುವ ಬಸ್ಸು ಸವಣೂರು ದಾಟಿತು. ಅವ್ವ ಕಿಟಕಿಯ ಕಡೆ ನೋಡುತ್ತಲೇ ಅಂದಳು. "ಭಿಶಿ ರೊಕ್ಕಕ್ಕ ಕೈ ಹಚ್ಚಬ್ಯಾಡ."

ನಾವು ಕೆಲಸಗಾರರು ಕೂಡಿ ತಿಂಗಳಾ ರೊಕ್ಕ ಹಾಕುತ್ತಿದ್ದ ಭಿಶಿ ಚೀಟಿ ಆ ಸಲ ನನಗೆ ಬಂದಿತ್ತು. ನಮ್ಮ ಮನೆಯ ಮೇಲೆ ಉಳಿದಿದ್ದ ಸಾಲಕ್ಕೆ ಅದು ಸರಿಹೋಗುತ್ತಿತ್ತು. ಅಪ್ಪ ನಾಗಪ್ಪ ಮಾರ್ಕೆಟ್ ಯಾರ್ಡಿನಲ್ಲಿ ಹಮಾಲ. ತಗಡು ತೆಗೆಸಿ ಸ್ಲ್ಯಾಬ್ ಹಾಕಿಸಲು ಸೊಸೈಟಿಯಲ್ಲಿ ಸಾಲ ತೆಗೆದಿದ್ದ. ಸಾಲ ತೀರುವ ತನಕ ಮನೆಯ ಉತಾರದಲ್ಲಿ, ಅಂದರೆ ಹಕ್ಕಿನ ಕಾಗದದಲ್ಲಿ, ನಮ್ಮ ಹೆಸರಿನ ಕೆಳಗೆ ಸೊಸೈಟಿಯ ಹೆಸರೂ ಇರುತ್ತದೆ. ಅದಕ್ಕೆ ಬೋಜಾ ಅನ್ನುತ್ತಾರೆ. ಆ ಹೆಸರು ಹೋದ ಉತಾರವನ್ನು ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುತ್ತೇನೆ ಅಂತ ಮೊಳೆ ಬಡಿದಿಟ್ಟಿದ್ದ ಅಪ್ಪ. ಎರಡು ವರ್ಷದ ಹಿಂದೆ ಅವನೇ ಫೋಟೊ ಆಗಿ ಆ ಮೊಳೆಗೆ ತೂಗಿದ.

"ಬೋಜಾ ಹ್ವಾದ್ರ ಖೋಲಿ ದೊಡ್ಡದು ಆಗ್ತೈತೇನು?" ಅಂತ ಕೇಳಿದೆ.

"ಆಗೂದಿಲ್ಲ. ಆದ್ರ ಬ್ಯಾರೆ ಯಾರ ಹೆಸರೂ ಇಲ್ಲದ ಮನ್ಯಾಗ ಒಂದು ದಿನಾನರ ಮಲಗಬೇಕಂತ ನನಗೂ ಆಸೆ ಐತಿ."

"ಮಂದಿ ಮುಂದ ಆಕಿ ಅಂದದ್ದು ಕೇಳಿಲ್ಲೇನು ನೀ?"

"ಕೇಳೇನಿ. ನಾನೂ ತಿರುಗಿ ಅಂದೆ. ಅಲ್ಲಿಗೆ ಮುಗೀತು. ನೀ ಹುಟ್ಟಿದ್ದು, ಪೂಜಾ ಹುಟ್ಟಿದ್ದು ಅದ ಜಾಗಾದಾಗ. ಆಗ ಮ್ಯಾಲ ತಗಡು. ಮಳಿ ಬಂದ್ರ ನಿಮ್ಮಪ್ಪ ನನ್ನ ಹೊರಸಿನ ಮ್ಯಾಲ ಚೀಲಾ ಹಿಡಕೊಂಡು ನಿಂದರ್ತಿದ್ದ."

ಅದೇ ವಾರ ಅಕ್ಕಿಆಲೂರು ರಸ್ತೆಯ ಹೊಸ ಲೇಔಟಿನಲ್ಲಿ ಒಂದು ಮನೆ ನೋಡಿದೆ. ಮೂರು ಖೋಲಿ, ಹಿತ್ತಲು, ಗಾಡಿ ನಿಲ್ಲಿಸಲು ಜಾಗ. ಗೋಡೆ ಎದ್ದಿದ್ದವು, ನೆಲ ಆಗಿರಲಿಲ್ಲ. ಭಿಶಿ ರೊಕ್ಕ ಮುಂಗಡ ಕೊಟ್ಟು, ಹಳೆಯ ಮನೆ ಮಾರಿ ಸೊಸೈಟಿಯ ಸಾಲ ತೀರಿಸಿ, ಉಳಿದದ್ದಕ್ಕೆ ಹೊಸ ಸಾಲ ತೆಗೆದರೆ ಆಗುತ್ತಿತ್ತು. ಹೊಸ ಸಾಲ ಹದಿನೈದು ವರ್ಷದ್ದು. ನನ್ನ ಜೊತೆ ವೈರಿಂಗ್ ಕೆಲಸ ಮಾಡುವ ರಾಜೇಸಾಬನಿಗೆ ತೋರಿಸಿದೆ. ಅವನು ಸ್ವಿಚ್ಚಿನ ಡಬ್ಬಿಗಳನ್ನೆಲ್ಲ ನೋಡಿ ಹೊರಗೆ ಬಂದು ನಿಂತ.

"ಮನಿ ಚಲೋ ಐತಿ ತಮ್ಮಾ. ಖರೆ ಹೇಳ, ಈ ಮನಿ ನಿನಗ ಬೇಕಾಗೇತೋ, ಆ ಯಲವಿಗಿ ಬೀಗ್ತಿಗೆ ತೋರಸಾಕ ಬೇಕಾಗೇತೋ?"

"ನನ್ನ ತಂಗಿಗೆ ಬೇಕಾಗೇತಿ."

"ಹಂಗಾರ ಮೊದಲು ಹಳೇದನ್ನ ಬಿಡಿಸ್ಕೋ. ಸಿಟ್ಟು ಇಳದ ಮ್ಯಾಲ ದೊಡ್ಡದು ನೋಡೂಣು."

ಸಿಟ್ಟು ಇಳಿಯಲಿಲ್ಲ. ಮನೆಯಲ್ಲಿ ದಿನಾಲೂ ಅದೇ ಜಗಳ. ಬಸುರಿ ಇರುವಾಗ ಮನೆ ಬದಲಿಸಬಾರದು ಅಂತ ಅವ್ವ ಕಡೆಯ ಮಾತು ತೆಗೆದಳು. ನಾನು ಅವಳನ್ನು ಅಯ್ಯನವರ ಹತ್ತಿರ ಕರೆದುಕೊಂಡು ಹೋದೆ. ಅವರು ಪಂಚಾಂಗ ತೆಗೆದು, "ಕೊಟ್ಟ ಹೆಣ್ಣುಮಗಳು ಆ ಮನಿಯಾಕಿ. ನಿಮಗೇನೂ ಅಡ್ಡಿ ಇಲ್ಲ" ಅಂದರು. ಬಾಣಂತನಕ್ಕೆ ಅವಳು ಬರುವುದು ಈ ಹೊಸ ಮನೆಗೇ ಅಂತ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಹಿಂದಿನಿಂದ ಅವ್ವ ಬಾಯಿ ತೆರೆದಳು. ನಾನು ಅವಳ ಕೈ ಹಿಡಿದು ಎಬ್ಬಿಸಿದೆ.

ಹಳೆಯ ಮನೆ ಮಾರುವ ಕಾಗದಕ್ಕೆ ಅವ್ವ ಸಹಿ ಮಾಡಿದಳು. ಪೆನ್ನು ಕೆಳಗಿಟ್ಟು, "ಪೂಜಾಗ ಹೊಸಾ ಮನಿ ಸುದ್ದಿ ಬೇಕಾರ ಹೇಳ. ಹಳೇದು ಮಾರಿದ್ದು ಮಾತ್ರ ಹೇಳಬ್ಯಾಡ. ಹೊಟ್ಟ್ಯಾಗ ಕೂಸು ಇಟಗೊಂಡು ಅತ್ತಗೊಂತ ಕುಂತಾಳು" ಅಂದಳು. ಅಷ್ಟೇ. ಆ ದಿನದಿಂದ ಅವಳು ನನ್ನ ಜೊತೆ ಜಗಳ ಮಾಡಲಿಲ್ಲ.

ಹೊಸ ಮನೆಯ ನೆಲವನ್ನು ನಾನೊಬ್ಬನೇ ಮಾಡಿದೆ. ಹಗಲು ಮಂದಿಯ ಕೆಲಸ, ಮುಂಜಾನೆ ಆರಕ್ಕೆ ನಮ್ಮದು. ನಡುವಿನ ಖೋಲಿ ಬಾಣಂತಿಗೆ. ಅದಕ್ಕೆ ಗಾಳಿ ಬಡಿಯಬಾರದು ಅಂತ ಕಿಟಕಿಗೆ ಎರಡನೆಯ ಬಾಗಿಲು ಕೂಡಿಸಿದೆ. ಎರೆಯುವ ಬಚ್ಚಲಿಗೆ ಖರಬರ ಇರುವ ಟೈಲ್ಸ್ ಹಾಕಿದೆ, ಎಣ್ಣೆ ಬಿದ್ದರೂ ಕಾಲು ಜಾರಬಾರದು. ನೀರು ನಿಲ್ಲದ ಹಾಗೆ ಇಳಿಜಾರು ಮಾಡಿ, ಚೊಂಬಿನಿಂದ ನೀರು ಸುರುವಿ ಮೂರು ಸಲ ನೋಡಿದೆ. ಇಷ್ಟು ಚೊಕ್ಕ ಕೆಲಸ ನಾನು ಯಾವ ಸಾಹುಕಾರನಿಗೂ ಮಾಡಿಕೊಟ್ಟಿಲ್ಲ.

ಪೂಜಾ ಫೋನ್ ಮಾಡುತ್ತಿದ್ದಳು. ಹೊಸ ಮನೆಯ ಸುದ್ದಿ ಕೇಳಿ ಖುಷಿಪಟ್ಟಳು. ಆದರೆ ಮಾತು ಸುತ್ತಿ ಹಳೆಯದಕ್ಕೇ ಬರುತ್ತಿತ್ತು. "ಅಣ್ಣಾ, ನೀ ಸಣ್ಣವ ಇದ್ದಾಗ ಹಾಕಿದ್ದ ನೆಲ, ಅದನ್ನ ಕೀಳಬ್ಯಾಡ. ಹಂಗ ಇರಲಿ." ಕೆಲಸ ಕಲಿಯುವಾಗ ಮಂದಿಯ ಮನೆಯಲ್ಲಿ ಉಳಿದ ಚೂರು ಟೈಲ್ಸ್ ತಂದು ತಂದು ಆ ನೆಲ ಮಾಡಿದ್ದೆ. ಒಂದರ ಬಣ್ಣ ಇನ್ನೊಂದಕ್ಕಿರಲಿಲ್ಲ. ಅವಳು ಅದರ ಮೇಲೆಯೇ ಕುಂಟಾಟ ಆಡಿ ಬೆಳೆದವಳು. ಹ್ಞೂಂ ಅಂದೆ.

ಮನೆ ತೊಳೆದು, ಹಾಲು ಉಕ್ಕಿಸಿ, ಒಳಗೆ ಹೋದೆವು. ಎಂಟು ದಿನಕ್ಕೆ, ಮರೆತಿದ್ದ ಲೆವಲ್ ಪಟ್ಟಿ ತರಲು ಹಳೆಯ ಮನೆಗೆ ಹೋದೆ. ಕೊಂಡವನು ಗೊಬ್ಬರದ ವ್ಯಾಪಾರಿ. ನಡುವಿನ ಗೋಡೆ ಒಡೆಸಿ ಗೋದಾಮು ಮಾಡಿದ್ದ. ಸ್ಲ್ಯಾಬಿನ ತನಕ ಚೀಲ ಒಟ್ಟಿದ್ದ. ನೆಲ ಕಾಣಲಿಲ್ಲ. ಮೂಗು ಉರಿಯುವ ವಾಸನೆ. ಪಟ್ಟಿ ಕೇಳದೆಯೇ ತಿರುಗಿ ಬಂದೆ.

ಒಂಬತ್ತನೆಯ ತಿಂಗಳು ಬಿದ್ದ ಮೇಲೆ ರಾಜೇಸಾಬನ ವ್ಯಾನಿನಲ್ಲಿ ಯಲವಿಗಿಗೆ ಹೋದೆವು. ಹಿಂದಿನ ಸೀಟಿನ ಮೇಲೆ ಅವ್ವ ಎರಡು ಕೌದಿ ಮಡಚಿ ಹಾಸಿದ್ದಳು, ತಗ್ಗು ದಿನ್ನೆಗೆ ಪೂಜಾಳಿಗೆ ಬಡಿಯಬಾರದು ಅಂತ. ಪೂಜಾ ಬ್ಯಾಗ್ ಕಟ್ಟಿಕೊಂಡು ಪಡಸಾಲೆಯಲ್ಲೇ ಕುಳಿತಿದ್ದಳು. ಅವಳ ಗಂಡ ಸಂಜಯ ಸವಣೂರಿನ ಅಂಗಡಿಯಿಂದ ಅರ್ಧ ದಿನ ರಜೆ ಹಾಕಿ ಬಂದಿದ್ದ. ಓಣಿಯ ಹೆಂಗಸರು ಕಳಿಸಿಕೊಡಲು ಕೂಡಿದ್ದರು. ಗುತ್ತೆವ್ವ ನನಗೆ ತಾನೇ ನೀರಿನ ತಂಬಿಗೆ ತಂದು ಇಟ್ಟಳು.

"ಕುಡಿಯಪಾ. ಮನಿ ಮಾಡೀದಿ, ಆಣಿ ತೀರಿತು. ನನ್ನ ಬಾಯಿ ಸುಮಾರು, ಈ ಊರಿಗೆಲ್ಲಾ ಗೊತ್ತೈತಿ."

ಕುಡಿದೆ. ತಣ್ಣಗಿತ್ತು.

"ಬರ್ರೆವಾ, ಹೊತ್ತಾಕ್ಕೈತಿ. ಹೊಸಾ ಮನಿ ಮುಟ್ಟೂದ್ರಾಗ ಸಂಜಿ ಆಕ್ಕೈತಿ" ಅಂದ ಸಂಜಯ.

ಗುತ್ತೆವ್ವ ತಿರುಗಿದಳು. "ಹೊಸಾ ಮನಿಗ್ಯಾಕ? ತುಂಬಿದ ಬಸುರಿನ್ನ ಹೊಸಾ ಮನಿ ಹೊಸ್ತಿಲ ಯಾರರ ದಾಟಸ್ತಾರೇನು? ನಮ್ಮ ಮನಿತನದಾಗ ಆಗಿಲ್ಲ. ಒಮ್ಮೆ ದಾಟಿಸಿ ನನ್ನ ನೆಗೆಣ್ಣಿ ಕೂಸು ಕಳಕೊಂಡಾಳ. ಹಡದು, ತೊಟ್ಟಲಿಗೆ ಹಾಕಿದ ಮ್ಯಾಲ ಬೇಕಾದಷ್ಟು ದಿನಾ ಇಟಗೊಳ್ರಿ ಅಲ್ಲಿ."

ಹೆಂಗಸರು ಹೌದೌದು ಅಂದರು. ಅವ್ವ ಕಣ್ಣು ಮುಚ್ಚಿಕೊಂಡಳು.

"ಅಯ್ಯನವರು ಅಡ್ಡಿ ಇಲ್ಲ ಅಂದಾರ್ರಿ" ಅಂದೆ.

"ನಿಮಗ ಅಡ್ಡಿ ಇಲ್ಲ. ಹೊಟ್ಟ್ಯಾಗಿಂದು ನಮ್ಮದು." ಅಷ್ಟು ಹೇಳಿ ಗುತ್ತೆವ್ವ ಮೆತ್ತಗಾದಳು. ಹತ್ತಿರ ಬಂದು ನನ್ನ ಭುಜದ ಮೇಲೆ ಕೈ ಇಟ್ಟಳು. "ಅದಕ್ಯಾಕ ಮಾರಿ ಸಣ್ಣದು ಮಾಡ್ತಿ ತಮ್ಮಾ? ಹಳೇ ಮನಿ ಐತೆಲ್ಲ. ಅಲ್ಲೇ ಕರಕೊಂಡು ಹೋಗು. ಅವತ್ತು ನಾ ಅಂದದ್ದು ಖರೆ. ಆದ್ರ ಕಳಸೂದಿಲ್ಲ ಅಂತ ಅಂದಿದ್ದೆನೇನು? ನಿಮ್ಮವ್ವ ಇಬ್ಬರನ್ನ ಅಲ್ಲೇ ಹಡದಾಳ. ಒಂದು ಹೊರಸು ಹಿಡಿಸಿದ್ರ ಸಾಕು."

ಪೂಜಾ ಗೋಡೆ ಹಿಡಿದು ಎದ್ದಳು. ಒಂದು ಕೈ ಸೊಂಟದ ಮೇಲೆ. ಮುಖದ ತುಂಬ ನಗು.

"ನಾನೂ ಅದನ್ನ ಅನ್ನಬೇಕಂತ ಮಾಡಿದ್ದೆ ಅಣ್ಣಾ, ನಿನಗ ಬ್ಯಾಸರ ಆದೀತಂತ ಸುಮ್ಮನಿದ್ದೆ. ಅಡಗಿಮನಿ ಬಾಜೂ ಆ ಮೂಲ್ಯಾಗ ಹಾಕು ಹೊರಸು. ಅವ್ವನ ಕೈಲೆ ಅಲ್ಲೇ ಎರಕೊಂತೇನಿ. ಕೀಲಿ ಯಾರ ಕಡೆ ಐತಿ, ನಿನ್ನ ಕಡೇನೋ, ಅವ್ವನ ಕಡೇನೋ?"

ಅವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ಎಲ್ಲರೂ ನನ್ನ ಕಡೆ ನೋಡಿದರು. ಅವತ್ತು ಎಲೆ ಬಿಟ್ಟು ಎದ್ದು ನಿಂತದ್ದೂ ಇದೇ ಪಡಸಾಲೆಯಲ್ಲಿ, ಇವರ ಮುಂದೆಯೇ.

ತಂಬಿಗೆಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟೆ. ಬಾಗಿಲಲ್ಲಿ ಚಪ್ಪಲಿ ಮೆಟ್ಟಿಕೊಂಡೆ. "ಅಣ್ಣಾ, ಕೀಲಿ ಕೇಳಾಕತ್ತೇನಿ" ಅಂದಳು ಪೂಜಾ ಹಿಂದಿನಿಂದ. ರಾಜೇಸಾಬ ವ್ಯಾನಿನ ಬಾಗಿಲು ತೆರೆದು ಹಿಡಿದಿದ್ದ. ಹಿಂದಿನ ಸೀಟಿನ ಮೇಲೆ ಕೌದಿ ಹಾಸಿದ್ದು ಹಾಗೇ ಇತ್ತು. ಅವನನ್ನೂ ದಾಟಿ ರೈಲು ಸ್ಟೇಶನ್ನಿನ ಕಡೆಯ ದಾರಿ ಹಿಡಿದು ನಡೆದೆ.