ಎಂಟನೆಯ ದಿನದ ಹಸಿರು ಲಂಗ

ಅಕ್ಕ ಬಾಸಿಲಿಯಾ ಹುಟ್ಟಿದಾರಭ್ಯ ಮ್ಯೂಸಿಯಮ್ಮಿನ ಮೆಟ್ಟಿಲು ಹತ್ತಿದವಳಲ್ಲ. ಆ ಧೈರ್ಯದ ಮೇಲೆಯೇ ಒರ್ತೆನ್ಸಿಯಾ ಅಮ್ಮನ ಹಸಿರು ಮಖಮಲ್ಲಿನ ಲಂಗವನ್ನು ಪ್ರದರ್ಶನಕ್ಕೆ ಕೊಟ್ಟಿದ್ದಳು.

ಆ ಲಂಗ ಇನ್ನೂ ಇರುವುದೇ ತಪ್ಪು. ಎರಡು ವರ್ಷದ ಹಿಂದೆ, ಅಮ್ಮ ಸತ್ತ ಎಂಟನೆಯ ದಿನ, ಹೊಳೆಯಲ್ಲಿ ಒಗೆದ ಅವಳ ಉಳಿದ ಬಟ್ಟೆಗಳ ಜೊತೆ ಅದು ಬೂದಿಯಾಗಬೇಕಿತ್ತು. ಸತ್ತವರ ದಾರಿ ದೂರದ್ದು, ಚಳಿಯದ್ದು; ಇಲ್ಲಿ ಸುಟ್ಟ ಬಟ್ಟೆ ಅಲ್ಲಿ ಅವರ ಮೈ ಮುಚ್ಚುತ್ತದೆ. ಅವತ್ತು ಗಂಟು ಕಟ್ಟಿದವಳು ಒರ್ತೆನ್ಸಿಯಾ. ಅಮ್ಮನ ಲಂಗ ತೆಗೆದಿಟ್ಟುಕೊಂಡು, ಅದೇ ಬಣ್ಣದ ತನ್ನದೊಂದನ್ನು ಗಂಟಿನೊಳಗೆ ತುರುಕಿದ್ದಳು. ಬೆಂಕಿಯ ಮುಂದೆ ಎಲ್ಲರಿಗಿಂತ ಜೋರಾಗಿ ಅತ್ತಿದ್ದಳು.

ಆಸೆಗೆ ಮಾಡಿದ್ದಲ್ಲ. ಲಾ ಪಾಸ್ ಪಟ್ಟಣದ ನೆತ್ತಿಯ ಮೇಲಿನ ಎಲ್ ಆಲ್ತೋದಲ್ಲಿ ಅವಳದ್ದು ಲಂಗ ಹೊಲಿಯುವ ಅಂಗಡಿ. ನೆರಿಗೆ ಹಾಕುವುದು ಯಾರಿಗಾದರೂ ಬಂದೀತು. ಲಂಗದ ಸುತ್ತ ಅಡ್ಡಡ್ಡಲಾಗಿ ಹಿಡಿಯುವ ನಾಲ್ಕು ಮಡಿಕೆಗಳಲ್ಲಿ ಕೈ ತಿಳಿಯುತ್ತದೆ. ಅಮ್ಮನ ಮಡಿಕೆಗಳಲ್ಲಿ ಹೊಲಿಗೆ ಹೊರಗಿನಿಂದ ನೋಡಿದರೂ ಕಾಣದು, ಒಳಗಿನಿಂದ ನೋಡಿದರೂ ಕಾಣದು. ಕಲಿಸಿಕೊಡದೆಯೇ ಹೋಗಿಬಿಟ್ಟಳು. ಲಂಗ ಉಳಿದರೆ ವಿದ್ಯೆ ಉಳಿದೀತು ಎಂದುಕೊಂಡು ಒರ್ತೆನ್ಸಿಯಾ ಕೆಳಗಿನ ಮಡಿಕೆಯೊಂದನ್ನು ಬಿಚ್ಚಿ, ತಿಂಗಳುಗಟ್ಟಲೆ ನೋಡಿ, ಮತ್ತೆ ಮತ್ತೆ ಹೊಲಿದಿಟ್ಟಳು. ಆಮೇಲೆ ಒಂದು ದಿನ ಮ್ಯೂಸಿಯಮ್ಮಿನ ಹುಡುಗಿ ಅಂಗಡಿಗೆ ಬಂದು ಅದನ್ನು ಕಂಡು ದಂಗಾದಳು. "ಹೆಸರು ಬರೀಬೇಡಿ," ಎಂದಷ್ಟೇ ಹೇಳಿ ಒರ್ತೆನ್ಸಿಯಾ ಎರವಲಿನ ಕಾಗದಕ್ಕೆ ಸಹಿ ಹಾಕಿದ್ದಳು.

ಈಗ ಸಂತೆಯಲ್ಲಿ ಬಾಸಿಲಿಯಾಳ ಪಕ್ಕ ಕೂತು ಈರುಳ್ಳಿ ಮಾರುವ ಜಸಿಂತಾ ಪ್ರದರ್ಶನ ನೋಡಿಕೊಂಡು ಬಂದು, "ಒಂದು ಲಂಗ ಥೇಟ್ ನಿಮ್ಮಮ್ಮಂದೇ ಇದ್ದಂಗಿದೆ" ಎಂದುಬಿಟ್ಟಿದ್ದಳು. ಭಾನುವಾರ ಬೆಳಿಗ್ಗೆಯೇ ಬಾಸಿಲಿಯಾ ಹೊಸ ಹ್ಯಾಟು ಇಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದಳು.

"ಏಳೇ. ಹೋಗಿ ನೋಡ್ಕೊಂಡು ಬರೋಣ."

"ಅಕ್ಕ, ಅಲ್ಲಿ ಏನಿರತ್ತೆ? ನಾವು ದಿನಾ ಉಡೋದೇ."

"ಅದಕ್ಕೇ ಹೋಗೋದು. ನಾವು ದಿನಾ ಉಡೋದನ್ನ ಜನ ಸಾಲಲ್ಲಿ ನಿಂತು ನೋಡ್ತಾರಂತೆ. ನಂಗೆ ನಗಬೇಕು."

ಕೇಬಲ್ ಕಾರು ಲಾ ಪಾಸ್‌ನ ಬೋಗುಣಿಯಂಥ ಕಣಿವೆಯೊಳಕ್ಕೆ ಇಳಿಯಿತು. ಎದುರು ಸೀಟಿನ ಹುಡುಗ ಹುಡುಗಿ ಒಂದೇ ಫೋನಿನೊಳಗೆ ಮುಖ ಹುದುಗಿಸಿದ್ದರು. ಬಾಸಿಲಿಯಾ ಚೀಲದಿಂದ ಬೇಯಿಸಿದ ಅವರೆಕಾಳು ತೆಗೆದು ಒಂದೊಂದೇ ಸಿಪ್ಪೆ ಸುಲಿದು ತಿಂದಳು.

"ಯಾಕೆ ಮುಖ ಸಣ್ಣದಾಗಿದೆ? ಹೋದ ವರ್ಷದ ಹೊಟ್ಟೆನೋವು ಮತ್ತೆ ಬಂತಾ?"

"ಇಲ್ಲ ಅಕ್ಕ. ನಿದ್ದೆ ಇಲ್ಲ."

"ಒಬ್ಳೇ ಮಲಗೋಳಿಗೆ ನಿದ್ದೆ ಕೆಡಿಸೋರು ಯಾರು?" ಎಂದು ಬಾಸಿಲಿಯಾ ನಕ್ಕಳು. ಎದುರಿನ ಹುಡುಗಿಯೂ ಫೋನಿನೊಳಗೇ ನಕ್ಕಳು.

ಮ್ಯೂಸಿಯಮ್ಮಿನ ಮೊದಲ ಕೋಣೆಯಲ್ಲಿ ತಲೆಯಿಲ್ಲದ ಬೊಂಬೆಗಳಿಗೆ ಲಂಗ ಉಡಿಸಿ, ಹ್ಯಾಟುಗಳನ್ನು ಮೇಲಿನಿಂದ ತಂತಿಯಲ್ಲಿ ಇಳಿಬಿಟ್ಟಿದ್ದರು. ಬಾಸಿಲಿಯಾ ಒಂದೊಂದರ ಮುಂದೆಯೂ ನಿಂತು ತೀರ್ಪು ಕೊಟ್ಟಳು. "ಇವಳಿಗೆ ಒಳಲಂಗ ಎರಡೇ ಹಾಕಿದ್ದಾರೆ, ಸೊಂಟ ನೋಡು, ಹಸಿದ ಕೋಳಿ." ಇನ್ನೊಂದರ ಮುಂದೆ: "ಹ್ಯಾಟು ಇಷ್ಟು ನೆಟ್ಟಗೆ ಇಡೋದು ಬ್ಯಾಂಡಿನ ಗಂಡಸರು ಮಾತ್ರ." ಕಾವಲುಗಾರ ಬಾಯಿಗೆ ಕೈ ಅಡ್ಡ ಹಿಡಿದ. ಒರ್ತೆನ್ಸಿಯಾ ಎರಡು ಹೆಜ್ಜೆ ಹಿಂದೆ ನಡೆಯುತ್ತಿದ್ದಳು. ಎರಡನೆಯ ಕೋಣೆ ಮುಚ್ಚಿರಲಿ, ವಿದ್ಯುತ್ ಹೋಗಲಿ, ಅಕ್ಕನಿಗೆ ಬಾತ್‌ರೂಮಿಗೆ ಅವಸರವಾಗಲಿ ಎಂದೆಲ್ಲ ಬಯಸಿದಳು. ಯಾವುದೂ ಆಗಲಿಲ್ಲ.

ಹಸಿರು ಲಂಗ ಮೂಲೆಯಲ್ಲಿತ್ತು. ಗಾಜಿಲ್ಲ, ಹಗ್ಗ ಮಾತ್ರ. ಕೆಳಗೆ ಚೀಟಿ: "ಮಖಮಲ್, ಕೈಹೊಲಿಗೆ. ಹೊಲಿದವರು ಗೊತ್ತಿಲ್ಲ."

ಬಾಸಿಲಿಯಾ ಬಹಳ ಹೊತ್ತು ನೋಡಿದಳು. "ಜಸಿಂತಾ ಸುಳ್ಳಿ ಅಲ್ಲ," ಎಂದಳು. "ಥೇಟ್ ಅಮ್ಮಂದೇ."

"ಒಂದೇ ಥರದ್ದು ನೂರು ಇರತ್ವೆ ಅಕ್ಕ."

"ಇರತ್ವೆ." ಹಗ್ಗದ ಮೇಲೆ ಬಾಗಿದಳು. ಕಾವಲುಗಾರ ಗಂಟಲು ಸರಿಮಾಡಿಕೊಂಡ. ಅವಳು ಕಿವಿಗೊಡಲಿಲ್ಲ. ಮೇಲಿನ ಮೂರು ಮಡಿಕೆಗಳನ್ನು ಕಣ್ಣಿನಿಂದಲೇ ಸವರಿ, ನಾಲ್ಕನೆಯದಕ್ಕೆ ಬಂದು ನಿಂತಳು. ಒರ್ತೆನ್ಸಿಯಾ ಆ ಮಡಿಕೆಯನ್ನು ಮೂರು ಸಲ ಬಿಚ್ಚಿ ಹೊಲಿದಿದ್ದಳು. ಮ್ಯೂಸಿಯಮ್ಮಿನವರು ಭೂತಗನ್ನಡಿ ಹಿಡಿದರೂ ವ್ಯತ್ಯಾಸ ಕಂಡಿರಲಿಲ್ಲ.

"ಮೂರು ಅಮ್ಮಂದು," ಎಂದಳು ಬಾಸಿಲಿಯಾ. "ಇದು ನಿಂದು."

ಒರ್ತೆನ್ಸಿಯಾ ಹಗ್ಗದಿಂದ ಒಂದು ಹೆಜ್ಜೆ ಹಿಂದೆ ಸರಿದಳು.

"ನೀನು ದಾರ ಎಳೆದು ಬಿಗಿ ಮಾಡ್ತೀಯ. ಚಿಕ್ಕಂದಿನಿಂದ ನಿಂದು ಅದೇ ಚಟ. ಬಟ್ಟೆ ಉಸಿರುಕಟ್ಟಿದಂಗೆ ಇರತ್ತೆ." ದನಿ ಏರಿರಲಿಲ್ಲ. "ಹಂಗಾದ್ರೆ ಅವತ್ತು ನಾವು ಸುಟ್ಟಿದ್ದು ಯಾವುದು?"

"ನಂದು. ಜಾತ್ರೇಲಿ ಕುಣಿಯೋಕೆ ಹೊಲ್ಕೊಂಡಿದ್ನಲ್ಲ, ಆ ಹಸಿರು."

ಬಾಸಿಲಿಯಾ ಬೆಂಚಿನ ಮೇಲೆ ಕೂತಳು. ಬೈಗುಳ ಬರುತ್ತದೆಂದು ಒರ್ತೆನ್ಸಿಯಾ ಕಾದಳು. ಕದ್ದದ್ದಕ್ಕೆ, ಅಮ್ಮನನ್ನು ಚಳಿಯಲ್ಲಿ ಬಿಟ್ಟದ್ದಕ್ಕೆ ಬೈದರೆ ತಲೆ ತಗ್ಗಿಸಿ ಕೇಳಿಸಿಕೊಳ್ಳಲು ತಯಾರಾಗಿದ್ದಳು.

"ಬದುಕಿರೋಳ ಬಟ್ಟೆ," ಎಂದಳು ಬಾಸಿಲಿಯಾ. "ಸತ್ತೋರ ಬೆಂಕೀಲಿ. ನಿನ್ನ ಬಟ್ಟೇನ ನೀನೇ ಮುಂದೆ ಕಳಿಸಿದೀಯ ಕಣೇ. ಹಿಂದೆ ನೀನು ಬರ್ತೀಯ ಅಂತ ಅಲ್ಲಿ ಕಾಯ್ತಾ ಇರ್ತಾರೆ." ಬೆರಳು ಮಡಿಚಿದಳು. "ಆಗಸ್ಟ್‌ನಲ್ಲಿ ಸುಟ್ಟಿದ್ದು. ಮುಂದಿನ ವರ್ಷ ಮಾರ್ಚ್‌ಗೆ ನಿನ್ನ ಹೊಟ್ಟೆ ಕೊಯ್ದ್ರು."

"ಅದು ಪಿತ್ತಕೋಶದ ಕಲ್ಲು ಅಕ್ಕ. ಡಾಕ್ಟರು ಬಾಟಲೀಲಿ ಹಾಕಿ ತೋರಿಸಿದ್ರು."

"ಕಲ್ಲು ತಾನಾಗೇ ಬರತ್ತಾ? ಈಗ ನಿದ್ದೆ ಇಲ್ಲ ಅಂತೀಯ." ಬಾಸಿಲಿಯಾ ಹ್ಯಾಟು ತೆಗೆದು ಮಡಿಲಲ್ಲಿಟ್ಟುಕೊಂಡಳು. "ಇದನ್ನ ತಗೊಂಡು ಹೋಗಿ ಸುಡಬೇಕು. ಅಮ್ಮಂದು ಅಮ್ಮಂಗೆ ಹೋದ್ರೆ ನಿಂದನ್ನ ಅವಳು ಬಿಡ್ತಾಳೆ."

ಒರ್ತೆನ್ಸಿಯಾ ಲಂಗದ ಕಡೆ ನೋಡಿದಳು. ಕಾಗದದ ಮೇಲಿರುವುದು ತನ್ನ ಸಹಿ. ಕೇಳಿದರೆ ವಾಪಸು ಕೊಡಲೇಬೇಕು. ಕೊಟ್ಟರೆ ಮೂರು ಮಡಿಕೆ ಬೂದಿ.

"ನಂಗಿನ್ನೂ ಬಂದಿಲ್ಲ ಅಕ್ಕ," ಎಂದಳು. "ಬಿಚ್ಚಿದ್ರೂ ಗೊತ್ತಾಗ್ಲಿಲ್ಲ. ಇದೂ ಹೋದ್ರೆ ಆ ಹೊಲಿಗೆ ಯಾರಿಗೂ ಇಲ್ಲ."

ಬಾಸಿಲಿಯಾ ತಂಗಿಯ ಮುಖ ನೋಡಿದಳು. "ಇದಕ್ಕಾ ನೀನು ಇಷ್ಟೆಲ್ಲ ಮಾಡಿದ್ದು?"

"ಮತ್ತೆ?"

"ಕತ್ತೆ. ಬಿಚ್ಚಿದ್ರೆ ಏನು ಗೊತ್ತಾಗತ್ತೆ? ಅದು ಒಬ್ಬರು ಹೊಲಿಯೋದಲ್ಲ. ನಾನು ಆ ಕಡೆ ಕೂತು ಬಟ್ಟೇನ ಓರೆಯಾಗಿ ಎಳೆದು ಹಿಡಿತಿದ್ದೆ, ಅಮ್ಮ ಹೊಲಿಗೆ ಹಾಕೋಳು. ಬಿಟ್ಟ ಕೂಡ್ಲೇ ಬಟ್ಟೆ ಕುಗ್ಗಿ ದಾರ ನುಂಗಿಬಿಡೋದು. ನೀನು ಚಿಕ್ಕೋಳಿದ್ದಾಗ ಹತ್ತು ವರ್ಷ ಹಿಡಿದಿದೀನಿ. ಹೆಬ್ಬೆರಳು ನೋಡು." ಚಪ್ಪಟೆಯಾದ ಹೆಬ್ಬೆರಳನ್ನು ತಂಗಿಯ ಮೂಗಿನ ಮುಂದೆ ಹಿಡಿದಳು.

"ಯಾವತ್ತೂ ಹೇಳ್ಲಿಲ್ಲ!"

"ನೀನು ಕೇಳಿದ್ಯಾ? ಆಲೂಗಡ್ಡೆ ಮಾರೋಳನ್ನ ಹೊಲಿಗೆ ವಿಷಯ ಯಾರು ಕೇಳ್ತಾರೆ?"

ಒರ್ತೆನ್ಸಿಯಾ ಆ ಹೆಬ್ಬೆರಳನ್ನು ಹಿಡಿದುಕೊಂಡಳು. ನಲವತ್ತು ವರ್ಷ ಇದೇ ಕೈಯಿಂದ ಊಟ ಬಡಿಸಿಕೊಂಡಿದ್ದಳು, ಏಟು ತಿಂದಿದ್ದಳು. ಆಮೇಲೆ ಹೋಗಿ ಕಾವಲುಗಾರನನ್ನು ಆಫೀಸು ಎಲ್ಲಿ ಎಂದು ಕೇಳಿದಳು.

ಆಫೀಸಿನಲ್ಲಿ ಭಾನುವಾರದ ಪಾಳಿಯ ಹೆಂಗಸು ಪ್ರದರ್ಶನ ತಿಂಗಳ ಕೊನೆಗೆ ಮುಗಿಯುತ್ತದೆ, ಅಲ್ಲಿಯವರೆಗೆ ತಡೆಯಬಾರದೇ ಎಂದಳು. ಬಾಸಿಲಿಯಾ ತಡೆಯಲಾಗದು ಎಂದಳು. ಹಾಗಾದರೆ ಅರ್ಜಿ ತುಂಬಬೇಕು, ಲಂಗ ಮಂಗಳವಾರ ಸಿಗುತ್ತದೆ. ಹೆಂಗಸು ಅರ್ಜಿ ತೆಗೆದು ಪೆನ್ನು ಒತ್ತಿದಳು.

"ವಾಪಸು ಪಡೆಯೋಕೆ ಕಾರಣ?"

ಒರ್ತೆನ್ಸಿಯಾ ಬಾಯಿ ತೆರೆಯುವ ಮೊದಲೇ ಬಾಸಿಲಿಯಾ ಮೇಜಿನ ಮೇಲೆ ಬಾಗಿದಳು. "ಲಂಗದ ಒಡತಿಗೆ ಉಟ್ಕೊಳ್ಳೋಕೆ ಬೇಕಂತೆ. ಅಲ್ಲಿ ಚಳಿ ಇದೆ ಅಂತ ಬರಿ."

ಹೆಂಗಸು ಇಬ್ಬರನ್ನೂ ಒಮ್ಮೆ ನೋಡಿ, "ಸ್ವಂತ ಬಳಕೆಗೆ" ಎಂದು ಬರೆದಳು. ಒರ್ತೆನ್ಸಿಯಾ ಕೆಳಗೆ ಸಹಿ ಹಾಕಿದಳು.