ಎಮ್ಮೆಯ ಬಾಲ ಮತ್ತು ಆರು ಡ್ರೈವರುಗಳು

ನೀಲಾಂಬಿಕಾ ಆರನೆಯ ಸಲ ಡ್ರೈವರ್ ಕಿತ್ತುಹಾಕಿ ಹೊಸದನ್ನು ಕೂರಿಸಿದಳು. ಗ್ರಾಫಿಕ್ಸ್ ಕಾರ್ಡಿನಿಂದ ಕೆಲಸ ತೆಗೆಯುವ ಆ ತಂತ್ರಾಂಶಕ್ಕೆ ಅಷ್ಟರಲ್ಲಿ ಅವಳ ಊರು ಗದಗಿನ ಬೈಗುಳವೆಲ್ಲ ಸಂದಾಯವಾಗಿತ್ತು.

ಅದು 2006. ಅವಳೂ ಗೆಳೆಯ ಮೋಹನ್ ಕುಮಾರನೂ ಕೆಲಸ ಬಿಟ್ಟು, ಸುಂಕದಕಟ್ಟೆಯ ಒಂದು ಮನೆಯ ಮಹಡಿಯಲ್ಲಿ ಕಂಪ್ಯೂಟರ್ ಆಟ ತಯಾರಿಸುತ್ತಿದ್ದರು. ಅವಳದು ಪ್ರೋಗ್ರಾಮು, ಅವನದು ಚಿತ್ರ. ಹೀರೋ ಎಮ್ಮೆ ಹತ್ತಿ ಮಾಗಡಿ ರಸ್ತೆಯ ಟ್ರಾಫಿಕ್ಕಿನಲ್ಲಿ ನುಗ್ಗುವುದೇ ಆಟ. ಮರುದಿನ ಹನ್ನೊಂದಕ್ಕೆ ಅದನ್ನು ಕೊಳ್ಳಬಹುದಾದ ಕಂಪನಿಯವರು ನೋಡಲು ಬರುವವರಿದ್ದರು. ಎಮ್ಮೆಯೋ ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಪರದೆ ನೀಲಿಯಾಗಿ, ತಪ್ಪೆಲ್ಲ ಡ್ರೈವರಿನದೇ ಎಂದು ಇಂಗ್ಲಿಷಿನಲ್ಲಿ ಬರೆದು ಕೈಚೆಲ್ಲುತ್ತಿತ್ತು.

ಮಾಡದ ಉಪಾಯವಿರಲಿಲ್ಲ. ಕಾರ್ಡಿನ ಹಲ್ಲುಗಳನ್ನು ರಬ್ಬರಿನಿಂದ ಉಜ್ಜಿದ್ದಾಯಿತು. ಕಂಪ್ಯೂಟರ್ ಡಬ್ಬದ ಮುಚ್ಚಳ ಬಿಚ್ಚಿ, ಕೆಳಗಿನ ಮನೆಯ ಟೇಬಲ್ ಫ್ಯಾನ್ ತಂದು ಗಾಳಿ ಹೊಡೆಸಿದ್ದಾಯಿತು. ಮೋಹನ್ ಮಾನಿಟರಿಗೆ ನಿಂಬೆಹಣ್ಣೂ ನಿವಾಳಿಸಿದ್ದ. ಕೊನೆಗೆ ತನ್ನ ಕಂಪ್ಯೂಟರಿನ ಕಾರ್ಡ್ ಬಿಚ್ಚಿ ಜೇಬಿಗಿಟ್ಟುಕೊಂಡು, "ಇದನ್ನ ಮಾರಿದ ಆ ಅಂಗಡಿಯೋನಿಗೆ ಇವತ್ತು ಐತೆ" ಎನ್ನುತ್ತ ಬೈಕ್ ಹತ್ತಿದ್ದ.

ಅವನು ಹೋದ ಸ್ವಲ್ಪ ಹೊತ್ತಿಗೆ ಮನೆಯ ಒಡತಿ ಚಿಕ್ಕಲಕ್ಷ್ಮಮ್ಮ ಮೆಟ್ಟಿಲು ಹತ್ತಿ ಬಂದರು. ಸೈಟುಗಳಾಗುವ ಮೊದಲು ಆ ಬೀದಿಯೆಲ್ಲ ಅವರ ಹೊಲ. ಆಗ ಕೊಟ್ಟಿಗೆಯಲ್ಲಿ ಒಂಬತ್ತು ಎಮ್ಮೆಗಳಿದ್ದವು.

"ಏನವ್ವಾ, ಫ್ಯಾನ್ ಇಸ್ಕೊಂಡ್ ಬಂದೋಳು ವಾಪಸ್ ಕೊಡೋ ಯೋಚ್ನೆ ಐತೋ ಇಲ್ವೋ?" ಎಂದವರು ಪರದೆ ಕಂಡು ಅಲ್ಲೇ ನಿಂತರು. "ಎಮ್ಮೆ ಚೆನ್ನಾಗೈತಲ್ಲ!"

"ಛಲೋ ಐತ್ರಿ ಆಂಟಿ, ಆದ್ರ ನಡಿಯಂಗಿಲ್ಲ. ಡ್ರೈವರ್ ಕೈ ಕೊಡ್ತಾನ ಇರ್ತೈತಿ."

"ಹಂಗಾರೆ ಬೇರೆ ಡ್ರೈವರ್‌ನ ಇಟ್ಕೊಳಿ."

"ಆರು ಮಂದಿನ್ನ ಬದಲಾಯಿಸೀನ್ರಿ."

"ಆರು ಜನಾನೂ ಕಳ್ರೇನವ್ವ?" ಎಂದು ಅವರು ಕುರ್ಚಿ ಎಳೆದುಕೊಂಡರು. ನೀಲಾಂಬಿಕಾ ಆಟ ಓಡಿಸಿದಳು. ಎಮ್ಮೆ ಎದುರಿಗೆ ಬಂತು, ತಿರುಗಿತು, ಪರದೆ ನೀಲಿಯಾಯಿತು. ಮೂರು ಸಲ ಹಾಗೇ ಆಯಿತು.

"ಮಕ ತೋರ್ಸೋವಾಗ ನೆಟ್ಟಗೈತೆ," ಎಂದರು ಚಿಕ್ಕಲಕ್ಷ್ಮಮ್ಮ. "ಅಂಡು ತಿರುಗಿಸ್ತಿದ್ದಂಗೆ ಸಾಯ್ತದೆ. ಏನ್ ಇಟ್ಟಿದೀರವ್ವ ಹಿಂದೆ?"

ನೀಲಾಂಬಿಕಾ ಹಣೆ ಚಚ್ಚಿಕೊಂಡಳು. ಹನ್ನೆರಡು ದಿನ ಜಗತ್ತಿನ ಎಲ್ಲ ಡ್ರೈವರುಗಳ ಜನ್ಮ ಜಾಲಾಡಿದವಳು ತಮ್ಮದೇ ಎಮ್ಮೆಯ ಹಿಂಭಾಗ ನೋಡಿರಲಿಲ್ಲ. ಮೋಹನ್ ಮಾಡಿದ ಎಮ್ಮೆಯ ಫೈಲು ತೆರೆದಳು. ಬಾಲದ ಲೆಕ್ಕ ಕಂಡದ್ದೇ ಫೋನ್ ತೆಗೆದಳು.

"ಮೋಹನ್, ಜಗಳಾ ನಿಲ್ಲಸು."

"ಯಾಕೇ? ಈಗ ತಾನೇ ಬಿಸಿ ಆಗ್ತಿದೀನಿ. ಹತ್ತು ಜನ ಸೇರಿದಾರೆ!"

"ಬಾಲಕ್ಕ ಎಷ್ಟ್ ಕೂದಲಾ ಹಚ್ಚೀದಿ?"

ಮೋಹನ್ ದನಿ ತಗ್ಗಿಸಿದ. ಹಿಂದೆ ಅಂಗಡಿಯವನು ಕೂಗಾಡುವುದು ಕೇಳಿಸುತ್ತಿತ್ತು.

"ನ್ಯಾಚುರಲ್ ಆಗಿರ್ಲಿ ಅಂತ…"

"ಎಷ್ಟು?"

"ಮೂರು ಲಕ್ಷ."

"ಒಂದೊಂದ ಕೂದಲಾ ಬರದು ಬರದು ಕಾರ್ಡ್ ಉಸಿರುಗಟ್ಟಿ ಸಾಯಾಕ್ಹತ್ತೈತಿ, ಮಾರಾಯ!"

"ಮೂರು ಲಕ್ಷಾನಾ?" ಚಿಕ್ಕಲಕ್ಷ್ಮಮ್ಮ ಕೆನ್ನೆಗೆ ಕೈಯಿಟ್ಟರು. "ನಮ್ಮ ಎಮ್ಮೆ ಬಾಲ್ದಾಗೆ ಒಂದ್ ಹಿಡಿ ಇದ್ರೆ ಹೆಚ್ಚು. ಅದ್ರಲ್ಲೇ ನನ್ ಮಕಕ್ಕೆ ಬಾರಿಸೋದು."

ಅವರೇ ಪಕ್ಕದಲ್ಲಿ ಕೂತು, ಇಷ್ಟು ಸಾಕು, ಇನ್ನೂ ತೆಗಿ ಎನ್ನುತ್ತ ಹೋದರು. ಇನ್ನೂರೈವತ್ತಕ್ಕೆ ಇಳಿಸಿದಾಗ ಎಮ್ಮೆ ತಿರುಗಿತು, ಬಾಲ ಬೀಸಿತು, ಬಿ.ಎಂ.ಟಿ.ಸಿ. ಬಸ್ಸಿನ ಮುಂದೆ ನುಗ್ಗಿ ಓಡಿತು. ನೀಲಾಂಬಿಕಾ ಮೊದಲು ಕೂಗಿದಳು, ಆಮೇಲೆ ನಾಚಿದಳು. ಡ್ರೈವರ್ ಮಾಡಿದ ಕಂಪನಿಗೆ ಅವಳು ಹಿಂದಿನ ದಿನವಷ್ಟೇ ನಾಲ್ಕು ಪುಟದ ಖಾರವಾದ ಮೇಲ್ ಕಳಿಸಿದ್ದಳು.

ಮೋಹನ್ ಸಂಜೆ ತಲೆ ತಗ್ಗಿಸಿಕೊಂಡು ಬಂದ. ಹತ್ತು ಜನರೆದುರು ಸೋತ ನಾಚಿಕೆಗೆ ಬೇಡದ ಎರಡು ಕೀಬೋರ್ಡು ಕೊಂಡಿದ್ದ.

ಮರುದಿನ ಬಂದ ಕಂಪನಿಯವರು ರೇಸ್ ಆಡುವುದು ಬಿಟ್ಟು ಎಮ್ಮೆಯನ್ನು ಸುತ್ತ ತಿರುಗಿಸುತ್ತಲೇ ಕೂತರು. ಆಟ ಕೊಳ್ಳಲು ಒಪ್ಪಿದರು. ಒಂದೇ ಒಂದು ಬದಲಾವಣೆ ಕೇಳಿದರು.

"ಎಮ್ಮೆ ಸೂಪರ್. ಮೇಲೆ ಕೂತಿರೋನು ಮಾತ್ರ ಬೇಡ. ಮುಖದಲ್ಲಿ ಕಳೆನೇ ಇಲ್ಲ."

ಹೀರೋನಿಗೆ ಮೋಹನ್ ತನ್ನದೇ ಮುಖ ಕೊಟ್ಟಿದ್ದ. ನೀಲಾಂಬಿಕಾ ನಗು ತಡೆಯಲಾರದೆ, ಕಾಫಿ ತರುವ ನೆಪದಲ್ಲಿ ಕೆಳಗಿಳಿದು ಓಡಿದಳು.