ಈ ವಾರದ ಸುದ್ದಿ

"ಮಡಿಲು ಕೊಡವು. ಇನ್ನೂ ಸರಿಯಾಗಿ ಕೊಡವೇ, ಕಳ್ಳಮುಂಡೆ. ಹಗಲೆಲ್ಲ ಕೂತು ಏನೇನು ತುರುಕಿಕೊಂಡಿದ್ದೀಯೋ ಯಾರಿಗೆ ಗೊತ್ತು."

ರದ್ದಿ ಕಾಗದದ ಗೋದಾಮಿನ ಬಾಗಿಲಲ್ಲಿ ಮೇಸ್ತ್ರಿ ಕಾಲು ಅಡ್ಡ ಇಟ್ಟು ನಿಂತಿದ್ದ. ಅಕ್ಕ ಮಡಿಲು ಕೊಡವಿದಳು. ಕಾಗದದ ಧೂಳು ಉದುರಿತು, ಬೇರೇನೂ ಉದುರಲಿಲ್ಲ. ಚಪ್ಪಲಿ ಬಿಚ್ಚಿಸಿ ನೋಡಿದ. ಕೂದಲ ಗಂಟು ಬಿಚ್ಚಿಸಿ ನೋಡಿದ. ಊಟದ ಡಬ್ಬಿಯ ಮುಚ್ಚಳ ತೆಗೆಸಿ ಮೂಸಿದ.

"ಎಲ್ಲಿಗೆ ಹೊರಟಿತು ಸವಾರಿ?"

"ಶಾಲೇಲಿ ಕರೆದಿದ್ದಾರೆ ಮೇಸ್ತ್ರಿ. ಮಗಳದು ಏನೋ ಇದೆಯಂತೆ. ಊಟದ ಹೊತ್ತಲ್ಲೇ ಹೋಗಿ ಬಂದುಬಿಡ್ತೀನಿ."

"ಏನೋ ಅಲ್ಲ, ಸುದ್ದಿ ಪಾಠ," ಎಂದು ಮೇಸ್ತ್ರಿ ಹಲ್ಲು ಕಿರಿದ. "ನಿನ್ನ ಮಗಳು ದೊಡ್ಡ ಸುದ್ದಿ ಬರೆದಿದ್ದಾಳೆ. ಹೋಗು, ಹಾರ ಹಾಕಿ ಕಳಿಸ್ತಾರೆ."

ಡಬ್ಬಿಯ ಮುಚ್ಚಳ ಒತ್ತುತ್ತಿದ್ದ ಅಕ್ಕ ತಲೆ ಎತ್ತಿದಳು. ಯಾವ ಪಾಠ ಎಂಬುದು ಅವಳಿಗೇ ಗೊತ್ತಿರಲಿಲ್ಲ. ಶಾಲೆಯೊಳಗೆ ನಡೆದದ್ದು ಇವನ ಕಿವಿಗೆ ಹೇಗೆ ಬಿತ್ತು?

ರಾಶಿಯ ಹಿಂದೆ ಕುಳಿತು ಬಿಳಿ ಹಾಳೆ, ಬಣ್ಣದ ಹಾಳೆ ಬೇರೆ ಮಾಡುತ್ತಿದ್ದ ಮುದುಕಿ ತಲೆ ಎತ್ತಿದಳು. ಸದಾ ಗೊಣಗುತ್ತಿದ್ದದ್ದರಿಂದ ಅವಳಿಗೆ ಗೊಣಗಜ್ಜಿ ಎಂದೇ ಹೆಸರು.

"ಇವನ ಬಾಯಲ್ಲಿ ಹುಳ ಬೀಳ. ಅಕ್ಕ, ಹುಷಾರು ಕಣೇ. ದೊಡ್ಡೋರು ಸುಮ್ಮನೆ ಕರೆಯೋದಿಲ್ಲ. ಅಲ್ಲಿ ಹೂಂ ಅನ್ನಬೇಡ, ಊಹೂಂ ಅನ್ನಬೇಡ. ಬಾಯಿಗೆ ಕಡುಬು ಹಾಕ್ಕೊಂಡೋಳ ಹಾಗೆ ನಿಂತಿದ್ದು ಬಾ."

ಅಕ್ಕ ಹೊರಗೆ ಬಂದಳು. ಬೆನ್ನ ಹಿಂದೆ ಮೇಸ್ತ್ರಿ ಬಾಗಿಲು ಎಳೆದು, ಸರಪಳಿ ಸುತ್ತಿ, ಬೀಗ ಒತ್ತಿದ.

ಅವಳು ಗೋದಾಮಿನಲ್ಲಿ ಎಲ್ಲರಿಗೂ ಅಕ್ಕ. ಒಡಹುಟ್ಟಿದವಳು ಪಕ್ಕದಲ್ಲೇ ಕುಳಿತು 'ಅಕ್ಕಾ, ಅಕ್ಕಾ' ಎಂದು ಕೂಗುತ್ತಿದ್ದಳಲ್ಲ, ಅದಕ್ಕೆ. ಕೂಗುವವಳು ಹೋದ ಚಳಿಗಾಲ ಗೋದಾಮಿಗೆ ಬಿದ್ದ ಬೆಂಕಿಗೆ ಹೋದಳು. ಹೆಸರು ಮಾತ್ರ ಉಳಿಯಿತು. ದೇವರು ಕೊಟ್ಟದ್ದನ್ನು ದೇವರೇ ಕರೆದುಕೊಂಡ ಎಂದು ನೆರೆಯವರು ಸಮಾಧಾನ ಹೇಳಿದ್ದರು. ಅಕ್ಕ ದೇವರನ್ನು ದೂರಿರಲಿಲ್ಲ. ಬೀಗದ ಕೈ ದೇವರ ಹತ್ತಿರ ಇರಲಿಲ್ಲ ಎಂಬುದು ಅವಳಿಗೆ ಗೊತ್ತಿತ್ತು.

ದಾರಿಯಲ್ಲಿ ಕಂಡವರನ್ನೆಲ್ಲ ಅವಳು ಅನುಮಾನದಿಂದಲೇ ನೋಡಿದಳು. ಹಾಲು ಮಾರುವವನು ಯಾಕೆ ಮುಖ ತಿರುಗಿಸಿದ? ನೆರೆಮನೆಯಾಕೆ "ಶಾಲೆಗಾ?" ಎಂದು ಮೊದಲೇ ಯಾಕೆ ಕೇಳಿದಳು? ಶಾಲೆಯ ಮುಂದೆ ಗೋದಾಮಿನ ಧಣಿಯ ಕಾರು ನಿಂತಿತ್ತು. ಅದನ್ನು ಕಂಡ ಮೇಲೆ ಬೇರೆ ಯಾರ ಮೇಲೂ ಅನುಮಾನ ಪಡುವ ಅಗತ್ಯ ಉಳಿಯಲಿಲ್ಲ.

ತರಗತಿಯ ಗೋಡೆಯುದ್ದಕ್ಕೂ ಮಕ್ಕಳು ಬರೆದ ಹಾಳೆಗಳನ್ನು ಅಂಟಿಸಿದ್ದರು. ಪ್ರತಿಯೊಂದರಲ್ಲೂ ಪತ್ರಿಕೆಯಿಂದ ಕತ್ತರಿಸಿದ ಒಂದು ತುಂಡು, ಕೆಳಗೆ ಮಗುವಿನ ಕೈಬರಹ, ಮೂಲೆಯಲ್ಲಿ ಕೆಂಪು ಅಂಕ. ಹೊಸ ಸೇತುವೆ, ಗೆದ್ದ ಆಟಗಾರ, ಆಕಾಶಕ್ಕೆ ಹಾರಿದ ರಾಕೆಟ್ಟು. ಟೀಚರಮ್ಮನ ಕುರ್ಚಿಯಲ್ಲಿ ಧಣಿ ಕುಳಿತಿದ್ದ. ಗೋದಾಮು ಅವನದೇ, ಶಾಲೆಯ ಸಮಿತಿಗೂ ಅವನೇ ಅಧ್ಯಕ್ಷ. ಈ ದಿನ ಬಹುಮಾನಕ್ಕೆ ಮಕ್ಕಳ ಹಾಳೆ ಆರಿಸಲು ಬಂದಿದ್ದ. ಹೆಡ್ ಮಾಸ್ತರು ಕೈಕಟ್ಟಿ ನಿಂತಿದ್ದರು. ಕೆಲಸ ಇನ್ನೂ ಖಾಯಂ ಆಗದ ಎಳೆಯ ಟೀಚರಮ್ಮ ಕಿಟಕಿಯ ಪಕ್ಕದಲ್ಲಿದ್ದಳು. ಮಗಳು ಕಪ್ಪು ಹಲಗೆಯ ಕೆಳಗೆ, ಅತ್ತು ಮುಗಿಸಿದ ಮುಖ ಹೊತ್ತು ನಿಂತಿದ್ದಳು.

"ಬಂದಳಾ ಮಹಾರಾಣಿ," ಎಂದ ಧಣಿ. "ಟೀಚರಮ್ಮ, ಇವಳ ಮಗಳ ಘನಕಾರ್ಯ ಹೇಳಿ."

ಟೀಚರಮ್ಮ ನೆಲ ನೋಡುತ್ತ ಹೇಳಿದಳು. "ಪ್ರಚಲಿತ ಸುದ್ದಿ ಅಂತ ಪಾಠ ಅಮ್ಮ. ಈ ವಾರದ ಒಂದು ಸುದ್ದಿ ತಂದು ಅಂಟಿಸಬೇಕು. ಏನಾಯಿತು, ಯಾರಿಗಾಯಿತು, ನಿನಗೇನು ಅನಿಸುತ್ತೆ, ಸುದ್ದಿ ಎಲ್ಲಿಂದ ಸಿಕ್ಕಿತು ಅಂತ ಬರೀಬೇಕು. ಇವಳು ತಂದಿದ್ದು ಹಳೇ ಪತ್ರಿಕೆ. ಹೋದ ಚಳಿಗಾಲದ್ದು. ಅದಕ್ಕೆ ಹತ್ತಕ್ಕೆ ಸೊನ್ನೆ."

ಅಕ್ಕನಿಗೆ ಈಗ ಅರ್ಥವಾಯಿತು. ತಪ್ಪು ಅವಳದೇ. 'ಅಮ್ಮಾ, ಈ ವಾರದ ಪೇಪರ್ ಬೇಕು' ಎಂದು ಮಗಳು ಕೇಳಿದ್ದಳು. ಮನೆಗೆ ಪತ್ರಿಕೆ ತರಿಸುವ ಭಾಗ್ಯ ಅವರದಲ್ಲ. ಊರಿನವರೆಲ್ಲ ಓದಿ, ಅಟ್ಟಕ್ಕೆ ಹಾಕಿ, ಬೇಸರ ಬಂದಾಗ ತೂಕಕ್ಕೆ ಹಾಕಿದ ಮೇಲೆ ಅದು ಗೋದಾಮಿಗೆ ಬರುತ್ತಿತ್ತು. ಆ ವಾರ ಬಿಚ್ಚಿದ ಕಾಗದದ ಗಂಟೇ ಆ ವಾರದ ಪೇಪರ್. ಗೋದಾಮಿನಲ್ಲಿ ಲೆಕ್ಕ ಅಷ್ಟೇ. ಅವಳು ಆ ಗಂಟಿನಿಂದ ಒಂದು ಹಾಳೆ ತೆಗೆದು ಊಟದ ಡಬ್ಬಿಯೊಳಗೆ ಹಾಸಿಕೊಂಡು ತಂದಿದ್ದಳು. ಓದು ಬಾರದವಳಿಗೆ ಅದರಲ್ಲಿ ಏನಿದೆ ಎಂದು ತಿಳಿದಿರಲಿಲ್ಲ.

ಧಣಿ ಮೇಜಿನ ಮೇಲಿದ್ದ ಹಾಳೆಯನ್ನು ಎತ್ತಿ, ಪತ್ರಿಕೆಯ ತುಂಡಿನಲ್ಲಿದ್ದ ಹರಕು ತೂತಿಗೆ ಬೆರಳು ತೂರಿಸಿದ.

"ಇದು ಗಂಟಿಗೆ ಕೊಕ್ಕೆ ಹಾಕಿ ಎಳೆದ ತೂತು. ನನ್ನ ಗೋದಾಮಿನ ಕೊಕ್ಕೆ. ಅಂದ್ರೆ ಇದು ಕದ್ದ ಮಾಲು. ಹೌದೇನೇ?"

"ಒಂದೇ ಒಂದು ಹಾಳೆ ಧಣಿ."

"ಆನೆ ಕದ್ದರೂ ಕಳ್ಳ, ಅಡಿಕೆ ಕದ್ದರೂ ಕಳ್ಳ. ಇದಕ್ಕೇ ನಾನು ಬಾಗಿಲು—" ಧಣಿ ಮಾತು ನುಂಗಿ, ಮಗಳ ಕಡೆ ತಿರುಗಿದ. "ಓದೇ. ನಿಮ್ಮಮ್ಮ ಕೇಳಲಿ."

ಮಗಳು ಹಾಳೆ ಹಿಡಿದಳು. ಮೊದಲು ಪತ್ರಿಕೆಯದನ್ನು ಓದಿದಳು: ಗೋದಾಮಿನಲ್ಲಿ ಬೆಂಕಿ, ಕೆಲಸದವರ ಅಜಾಗರೂಕತೆ, ಒಬ್ಬ ಹೆಂಗಸಿನ ಸಾವು. ಆಮೇಲೆ ತನ್ನದನ್ನು.

"ಸತ್ತವಳು ನನ್ನ ಚಿಕ್ಕಮ್ಮ. ಬಾಗಿಲಿಗೆ ಹೊರಗಿನಿಂದ ಬೀಗ ಹಾಕಿತ್ತು. ಚಿಕ್ಕಮ್ಮ ಎಲ್ಲರನ್ನೂ ಕಿಟಕಿಗೆ ಹತ್ತಿಸಿದಳು. ಅವಳನ್ನು ಹತ್ತಿಸಲು ಯಾರೂ ಉಳಿಯಲಿಲ್ಲ. ಈಗಲೂ ಬೀಗ ಹಾಕುತ್ತಾರೆ."

ಅಕ್ಕ ಇದನ್ನು ಮಗಳಿಗೆ ಎಂದೂ ಹೇಳಿರಲಿಲ್ಲ. ಗೊಣಗಜ್ಜಿಯ ಹತ್ತಿರ ಪಿಸುಗುಟ್ಟಿದ್ದನ್ನು ಮಗು ಮಲಗಿದಂತೆ ನಟಿಸಿ ಕೇಳಿಸಿಕೊಂಡಿರಬೇಕು.

"ಯಾರು ಹೇಳಿಕೊಟ್ಟರು ಇದನ್ನ?" ಧಣಿಯ ಕಣ್ಣು ಅಕ್ಕನ ಮೇಲಿಂದ ಟೀಚರಮ್ಮನ ಮೇಲೆ ಹೋಯಿತು. ಟೀಚರಮ್ಮ ಸೆರೆಸಿಕ್ಕ ಇಲಿಯಂತೆ ಗೋಡೆಗೆ ಒತ್ತಿಕೊಂಡಳು.

ಅಕ್ಕನಿಗೆ ಅಕ್ಷರ ಬಾರದಿದ್ದರೂ ತಕ್ಕಡಿಯ ಅಂಕಿ ಬರುತ್ತಿತ್ತು. ಹಾಳೆಯ ಮೂಲೆಯಲ್ಲಿದ್ದ ಸೊನ್ನೆಯ ಅಡಿಯಲ್ಲಿ, ಗೀಚಿ ಮುಚ್ಚಿದ ಒಂದು ಎಂಟು ಇಣುಕುತ್ತಿತ್ತು. ಹಾಗಾದರೆ ಈಕೆ ಮೊದಲು ಎಂಟು ಕೊಟ್ಟಿದ್ದಳು. ಆಮೇಲೆ ಹೆದರಿ ಹೊಡೆದು ಹಾಕಿದಳೋ, ತಾನೇ ಹೋಗಿ ಧಣಿಗೆ ತೋರಿಸಿದಳೋ. ಆ ಮುಖ ನೋಡಿದರೆ ಎರಡೂ ನಿಜವಿರಬಹುದು ಅನಿಸುತ್ತಿತ್ತು.

"ನೋಡಮ್ಮ," ಹೆಡ್ ಮಾಸ್ತರು ಜೇನು ಸವರಿದ ದನಿಯಲ್ಲಿ ಹೇಳಿದರು. "ಈ ಅಂಕ ಇಲ್ಲದಿದ್ದರೆ ಹುಡುಗಿ ಪಾಸಾಗೋದಿಲ್ಲ. ಫೇಲಾದರೆ ನಮ್ಮಲ್ಲಿ ಮತ್ತೆ ಸೇರಿಸ್ಕೊಳ್ಳೋ ಪದ್ಧತಿ ಇಲ್ಲ. ಆ ಬೀಗದ ಮಾತು ಹೊಡೆದು ಹಾಕಲಿ. ಬಾಗಿಲು ತೆರೆದಿತ್ತು ಅಂತ ಬರೀಲಿ. ಮಕ್ಕಳೆಲ್ಲ ಊಟ ಮುಗಿಸಿ ಒಳಗೆ ಬಂದ ಮೇಲೆ ನೀನೂ ಅದನ್ನೇ ಒಂದು ಮಾತು ಹೇಳು. ಧಣಿಗಳು ದೊಡ್ಡ ಮನಸ್ಸಿನವರು."

"ಫೇಲಾದರೇನು?" ಎಂದ ಧಣಿ. "ನಮ್ಮಲ್ಲಿ ಒಂದು ಜಾಗ ಖಾಲಿ ಇದೆ. ಅವಳ ಚಿಕ್ಕಮ್ಮಂದು."

ಮಗಳು ಅಮ್ಮನ ಮುಖವನ್ನೇ ನೋಡುತ್ತಿದ್ದಳು, ಅಳಿಸು ರಬ್ಬರು ಮುಷ್ಟಿಯಲ್ಲಿತ್ತು.

"ಟೀಚರಮ್ಮ," ಎಂದಳು ಅಕ್ಕ, "ಹಳೇದು ಅಂತ ತಾನೆ ಸೊನ್ನೆ ಕೊಟ್ಟಿದ್ದು? ಬೇರೆ ತಪ್ಪೇನಿಲ್ವಲ್ಲ?"

ಟೀಚರಮ್ಮ ಧಣಿಯನ್ನು ನೋಡಿದಳು, ಹೆಡ್ ಮಾಸ್ತರನ್ನು ನೋಡಿದಳು. "ಹಳೇದು ಅಂತಲೇ," ಎಂದಳು.

"ಈ ವಾರದ್ದಾದರೆ ಆಗುತ್ತಾ?"

"...ಆಗುತ್ತೆ."

ಅಕ್ಕ ಮಗಳ ಹತ್ತಿರ ಹೋದಳು. "ಬರೀ. ಇವತ್ತಿನ ತಾರೀಖು ಹಾಕು. ಇವತ್ತು ಮಧ್ಯಾಹ್ನ ಅಮ್ಮನನ್ನ ಹೊರಗೆ ಬಿಟ್ಟು ಮೇಸ್ತ್ರಿ ಮತ್ತೆ ಬೀಗ ಹಾಕಿದ. ಒಳಗೆ ಗೊಣಗಜ್ಜಿ ಇದ್ದಾಳೆ. ಮಿಕ್ಕ ಹೆಂಗಸರಿದ್ದಾರೆ. ಈಗ ಹೋದರೂ ನೋಡಬಹುದು. ಬರೆದೆಯಾ? ಸುದ್ದಿ ಎಲ್ಲಿಂದ ಬಂತು ಅಂತ ಬೇರೆ ಬರೀಬೇಕಂತಲ್ಲ, ಅಲ್ಲಿ ನನ್ನ ಹೆಸರು ಹಾಕು. ಪೂರ್ತಿ ಹೆಸರು."

"ಅಮ್ಮಾ, ಕೆಲಸ ಹೋಗುತ್ತೆ," ಎಂದು ಮಗಳು ಪಿಸುಗುಟ್ಟಿದಳು.

"ಅಕ್ಷರ ದುಂಡಗೆ ಬರೀ. ಅದಕ್ಕೂ ಅಂಕ ಕಳೀತಾರೆ."

ಧಣಿ ಫೋನು ತೆಗೆದ. "ಲೋ ಮೇಸ್ತ್ರಿ, ಆ ಕಳ್ಳಿಯನ್ನ ಇನ್ನು ಒಳಗೆ ಬಿಡಬೇಡ."

"ನನ್ನನ್ನ ಬಿಡದಿದ್ದರೆ ಬೇಡ ಧಣಿ," ಎಂದಳು ಅಕ್ಕ. "ಒಳಗಿರೋರನ್ನ ಹೊರಗೆ ಬಿಡೋಕೆ ಹೇಳಿ."

ಪೆನ್ಸಿಲಿನ ಸದ್ದು ನಿಂತಿತು. ಮಗಳು ಹಾಳೆಯನ್ನು ಟೀಚರಮ್ಮನ ಮುಂದಿಟ್ಟಳು.

"ಏನು ನೋಡ್ತಿದ್ದೀರಿ? ಸೊನ್ನೆ ಹಾಕಿ," ಎಂದ ಧಣಿ. "ನಿಮ್ಮ ಕೆಲಸಾನೂ ನೋಡ್ಕೋಬೇಕಲ್ಲ."

ಕೆಂಪು ಪೆನ್ನು ಹಾಳೆಯ ಮೇಲೆ ತಡವರಿಸಿತು. ಆಮೇಲೆ ಹೊಸ ಬರಹದ ಪಕ್ಕದಲ್ಲಿ ಒಂದು ಸೊನ್ನೆ ಸುತ್ತಿತು. ಗಂಟೆ ಹೊಡೆಯಿತು. ಮಕ್ಕಳು ಒಳಗೆ ಬರಲು ಬಾಗಿಲಲ್ಲಿ ನೂಕಾಡಿ, ಧಣಿಯನ್ನು ಕಂಡು ಅಲ್ಲಲ್ಲೇ ನಿಂತುಬಿಟ್ಟರು.

ಮಗಳು ಹಾಳೆ ತಿರುಗಿಸಿ ನೋಡಿ, ದಿನವೂ ಕೇಳುವ ದನಿಯಲ್ಲೇ ಕೇಳಿದಳು. "ಟೀಚರ್, ಈ ಸಲ ಯಾವುದಕ್ಕೆ ಅಂಕ ಕಳೆದಿರಿ?"

ಹೆಡ್ ಮಾಸ್ತರು ಕೆಮ್ಮಿದರು. ಅಕ್ಕ ಮುಂದಿನ ಸಾಲಿನ ಬೆಂಚನ್ನು ಎಳೆದು, ಅದರ ಮೇಲೆ ಮೊಣಕಾಲು ಮಡಿಚಿ ಇಕ್ಕಟ್ಟಿನಲ್ಲಿ ಕುಳಿತಳು. ಪಕ್ಕದಲ್ಲಿ ಮಗಳಿಗೆ ಜಾಗ ಮಾಡಿದಳು.

"ಹೇಳಿ ಟೀಚರಮ್ಮ," ಎಂದಳು. "ಎಲ್ಲ ಮಕ್ಕಳೂ ಬಂದಿದ್ದಾವೆ. ಕೇಳಿಕೊಂಡೇ ಹೋಗ್ತೀನಿ."